ಒಂದೇ ದೆವ್ವ, ಮೂರು ಊರು

ನನ್ನ ಹತ್ತಿರ ಒಂದು ದೆವ್ವ ಇತ್ತು, ಅದಕ್ಕೆ ಊರು ಇರಲಿಲ್ಲ.

ಕತೆ ಇಷ್ಟೇ. ಹಾಸನದ ಕಡೆಯ ಹುಡುಗಿಯೊಬ್ಬಳು ಅಮೆರಿಕದ ದಕ್ಷಿಣದ ಹಳೇ ಊರೊಂದರಲ್ಲಿ ಬಾಡಿಗೆ ಮನೆ ಹಿಡಿಯುತ್ತಾಳೆ. ರಾತ್ರಿ ಮೂರಕ್ಕೆ ಹೊರಗೆ ಯಾರೋ ಕಸ ಗುಡಿಸುವ ಸದ್ದು. ಸರ್, ಸರ್, ಸರ್. ಬೆಳಿಗ್ಗೆ ಎದ್ದು ನೋಡಿದರೆ ಒಂದು ಎಲೆಯೂ ಇಲ್ಲ. ದೀಪ ಹಚ್ಚಿದ ಮೇಲೆ ಪೊರಕೆ ಮುಟ್ಟಿದರೆ ಅಜ್ಜಿಯಿಂದ ಬೈಸಿಕೊಂಡು ಬೆಳೆದವಳಿಗೆ ಹೆದರಿಕೊಳ್ಳಲು ಇದಕ್ಕಿಂತ ಜಾಸ್ತಿ ಬೇಕಾ?

ನಾನಿರುವುದು ಅಟ್ಲಾಂಟಾದಲ್ಲಿ. ಸವಾನಾ ಕಾರಿನಲ್ಲಿ ನಾಲ್ಕು ಗಂಟೆ, ಚಾರ್ಲ್‌ಸ್ಟನ್ ಐದು, ನ್ಯೂ ಆರ್ಲಿಯನ್ಸ್ ಏಳು. ದೆವ್ವಕ್ಕೊಂದು ಊರು ಹುಡುಕಲು ಮೂರೂ ಊರಿಗೆ ಹೋಗಿ, ಎರಡೆರಡು ರಾತ್ರಿ ಉಳಿದು, ಇದೇ ಕತೆಯನ್ನು ಮೂರು ಸಲ ಬರೆದೆ.

ಮೊದಲು ನ್ಯೂ ಆರ್ಲಿಯನ್ಸ್. ದೆವ್ವ ಅಂದರೆ ಎಲ್ಲರೂ ಇದನ್ನೇ ಹೇಳುತ್ತಾರೆ. ಫ್ರೆಂಚರು 1718ರಲ್ಲಿ ಕಟ್ಟಿದ ಊರು. ಇಲ್ಲಿ ಹೆಣವನ್ನು ನೆಲದ ಮೇಲೆ ಕಟ್ಟಿದ ಇಟ್ಟಿಗೆ ಗೋರಿಯೊಳಗೆ ಇಟ್ಟು ಮುಚ್ಚುವ ಪದ್ಧತಿ. ಒಂದು ವರ್ಷ ಒಂದು ದಿನ ಅದನ್ನು ತೆಗೆಯುವ ಹಾಗಿಲ್ಲ. ಬಿಸಿಲಿಗೆ ಗೋರಿ ಒಲೆಯ ಹಾಗೆ ಕಾಯುತ್ತದೆ. ಆಮೇಲೆ ಉಳಿದ ಮೂಳೆಯನ್ನು ಹಿಂದಕ್ಕೆ ತಳ್ಳಿ, ಅದೇ ಗೂಡಿಗೆ ಆ ಮನೆಯ ಮುಂದಿನ ಹೆಣ. ಕೇಳಿದಾಗ ನಮ್ಮ ವರ್ಷದ ತಿಥಿ ನೆನಪಾಯಿತು. ವರ್ಷ ತುಂಬುವ ತನಕ ಸತ್ತವರು ಇನ್ನೂ ದಾರಿಯಲ್ಲೇ ಇರುತ್ತಾರೆ ಅಂತ ನಮ್ಮಲ್ಲೂ ನಂಬುತ್ತಾರಲ್ವಾ? ಕತೆಗೆ ಇಷ್ಟು ಸಾಕು ಅಂದುಕೊಂಡೆ.

ಸಾಕಾಗಲಿಲ್ಲ. ಅಲ್ಲಿ ದೆವ್ವಗಳ ಸಂತೆಯೇ ನೆರೆದಿದೆ. ಆಫ್ರಿಕಾ ಮೂಲದ ವೂಡೂ ಪಂಥದ ರಾಣಿ ಅಂತ ಹೆಸರಾದ ಮೇರಿ ಲಾವೋ ತೀರಿಕೊಂಡದ್ದು 1881ರಲ್ಲಿ. ಅವಳದ್ದು ಅನ್ನುವ ಗೋರಿಯ ಮೇಲೆ ಜನ ಹರಕೆಗೆ ಮೂರು ಗುಣಾಕಾರ ಚಿಹ್ನೆ ಗೀಚಿ ಗೀಚಿ, 2013ರಲ್ಲಿ ಯಾರೋ ಪುಣ್ಯಾತ್ಮ ಇಡೀ ಗೋರಿಗೆ ಗುಲಾಬಿ ಬಣ್ಣ ಬಳಿದ. 2015ರಿಂದ ಗೈಡ್ ಇಲ್ಲದೆ ಆ ಸ್ಮಶಾನಕ್ಕೆ ಪ್ರವಾಸಿಗರನ್ನು ಬಿಡುವುದಿಲ್ಲ. ಇನ್ನು ನನ್ನ ಹುಡುಗಿಗೆ ರಾತ್ರಿ ಮೂರಕ್ಕೆ ಪೊರಕೆ ಸದ್ದು ಕೇಳಬೇಕು, ಬಾರುಗಳೇ ತುಂಬಿದ ಬರ್ಬನ್ ಬೀದಿಯ ಹತ್ತಿರ ಆ ಹೊತ್ತಿಗೆ ಕೇಳುವುದು ಕುಡಿದವರ ಹಾಡು. ಬೆಳಗಿನ ಜಾವ ನಿಜಕ್ಕೂ ಗಾಡಿ ಬಂದು ಬೀದಿ ತೊಳೆಯುತ್ತದೆ, ನಿಂಬೆಹಣ್ಣಿನ ವಾಸನೆ ಹೊಡೆಯುತ್ತದೆ. ದೆವ್ವದ ಕೆಲಸವನ್ನು ಸಂಬಳದವರು ಮಾಡಿ ಮುಗಿಸಿದರೆ ನಾನೇನು ಬರೆಯಲಿ?

ಸವಾನಾ ಇದಕ್ಕೆ ತದ್ವಿರುದ್ಧ. ಒಗಲ್‌ಥಾರ್ಪ್ ಅನ್ನುವ ಬ್ರಿಟಿಷ್ ಅಧಿಕಾರಿ 1733ರಲ್ಲಿ ಗೆರೆ ಎಳೆದ ಹಾಗೆ ಕಟ್ಟಿಸಿದ ಊರು. ಮನೆಗಳ ನಡುವೆ ಚೌಕಾಕಾರದ ಪುಟ್ಟ ತೋಟಗಳು. ಒಟ್ಟು 24 ಇದ್ದವು, ಈಗ 22 ಉಳಿದಿವೆ. ಬುಲ್ ಬೀದಿಯಲ್ಲಿ ನೇರ ನಡೆದರೆ ಐದು ಚೌಕ ದಾಟುತ್ತೀರಿ. ರಾತ್ರಿ ಹತ್ತರ ಮೇಲೆ ನಡೆದು ನೋಡಿ, ಮೂರನೆಯದಕ್ಕೆ ಬರುವಷ್ಟರಲ್ಲಿ ಇದು ಆಗಲೇ ದಾಟಿದ ಚೌಕ ಅಲ್ವಾ ಅನ್ನಿಸುತ್ತದೆ. ದಾರಿ ತಪ್ಪಿಸುವ ದೆವ್ವಕ್ಕೆ ಇದಕ್ಕಿಂತ ಒಳ್ಳೆಯ ಊರಿಲ್ಲ. ನನ್ನದು ದಾರಿ ತಪ್ಪಿಸುವ ದೆವ್ವ ಅಲ್ಲ, ಅದೇ ತೊಂದರೆ.

ಇಲ್ಲಿನ ಹಳೇ ಸ್ಮಶಾನದಲ್ಲಿ ಒಂದು ಕಲ್ಲಿನ ಪ್ರಕಾರ 11 ವರ್ಷಕ್ಕೆ ಸತ್ತವನಿಗೆ 12 ವರ್ಷದ ಮಗ! ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಡಿಸೆಂಬರಿನಲ್ಲಿ ಊರು ಹಿಡಿದ ಉತ್ತರದ ಸೇನಾಪತಿ ಶೆರ್ಮನ್‌ನ ಸೈನಿಕರು ಬೇಜಾರಿಗೆ ಅಂಕಿ ತಿದ್ದಿದರು ಅಂತ ಊರವರು ಹೇಳುತ್ತಾರೆ. ಶವ ಸಾಗಿಸುವ ಗಾಡಿಯ ಮೇಲ್ಭಾಗ ಕತ್ತರಿಸಿ ಅದರಲ್ಲಿ ದೆವ್ವದ ಟೂರ್ ಮಾಡಿಸುತ್ತಾರೆ. ನಾನೂ ಹತ್ತಿದೆ. ಗೈಡ್ ಕೈಯಲ್ಲಿದ್ದ ದೆವ್ವ ಪತ್ತೆಯ ಮೀಟರ್ ನನ್ನ ಪಕ್ಕ ಬಂದಾಗಲೆಲ್ಲ ಕುಂಯ್ ಅನ್ನುತ್ತಿತ್ತು. ಜೇಬಲ್ಲಿದ್ದ ಫೋನ್ ಆಫ್ ಮಾಡಿದೆ, ಸುಮ್ನಾಯಿತು.

ಆದರೆ ನನ್ನನ್ನು ಕೆಡಿಸಿದ್ದು ಟೂರ್ ಅಲ್ಲ, ಮರ. ಓಕ್ ಮರಗಳಿಂದ ಬೂದು ಜಟೆಯ ಹಾಗೆ ಇಳಿಬಿದ್ದ ಸ್ಪ್ಯಾನಿಶ್ ಮಾಸ್. ಹೆಸರಿಗೆ ಪಾಚಿ, ಜಾತಿಯಲ್ಲಿ ಅನಾನಸ್ಸಿನ ನೆಂಟ. ಬರೆದದ್ದು ಎಂಟು ಪುಟ, ಅದರಲ್ಲಿ ಮೂರು ಪುಟ ಈ ಜಟೆಯೇ. ಓದಿದ ಗೆಳತಿ ಕೇಳಿದಳು: "ದೆವ್ವ ಯಾವಾಗ ಬರುತ್ತೆ ಮಾರಾಯ್ತಿ?"

ಚಾರ್ಲ್‌ಸ್ಟನ್ ಮೇಲೆ ನನಗೆ ಆಸೆ ಕಮ್ಮಿ ಇತ್ತು. ದುಬಾರಿ ಊರು. ಕಾರು ನಿಲ್ಲಿಸಲು ಜಾಗ ಇಲ್ಲ. ಮಳೆ ಇಲ್ಲದ ದಿನವೂ ಸಮುದ್ರದ ಉಬ್ಬರಕ್ಕೆ ಕೆಲವು ರಸ್ತೆಗೆ ನೀರು ನುಗ್ಗುತ್ತದೆ, ನನ್ನ ಚಪ್ಪಲಿ ಹಾಳಾಯಿತು. ಹೆಸರಾಂತ ಹಳೇ ಜೈಲಿನ ದೆವ್ವಗಳೂ ಸುಮಾರು.

ಮನೆಗಳನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. ಇಲ್ಲಿನ ಹಳೇ ಮನೆ ಬೀದಿಗೆ ಒಂದೇ ಕೋಣೆಯಷ್ಟು ಅಗಲ, ಉಳಿದದ್ದೆಲ್ಲ ಹಿಂದಕ್ಕೆ ಉದ್ದ. ಪಕ್ಕಕ್ಕೆ ಉದ್ದನೆಯ ಜಗಲಿ, ಅದಕ್ಕೆ ಪಿಯಾಜಾ ಅನ್ನುತ್ತಾರೆ. ಬೀದಿ ಬಾಗಿಲು ತೆಗೆದರೆ ಮನೆಯೊಳಗೆ ಹೋಗುವುದಿಲ್ಲ, ಆ ಜಗಲಿಗೆ ಹೋಗುತ್ತೀರಿ. ಚಿಲಕ ಹಾಕಿಕೊಂಡಿದ್ದೀರಿ, ಆದರೂ ಇನ್ನೂ ಹೊರಗೇ ಇದ್ದೀರಿ. ಪೊರಕೆ ಸದ್ದು ಬರಬೇಕಾದ್ದು ಆ ಜಾಗದಿಂದ!

ಜಗಲಿಯ ಸೂರಿನ ಒಳಮೈಗೆ ತಿಳಿ ನೀಲಿ ಬಣ್ಣ. ಆಫ್ರಿಕಾದಿಂದ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳಾದ ಗಲ್ಲಾ ಗೀಚೀ ಜನರ ನಂಬಿಕೆ ಅದು. ದೆವ್ವ ನೀರು ದಾಟುವುದಿಲ್ಲ, ನೀಲಿ ಕಂಡರೆ ನೀರು ಅಂದುಕೊಳ್ಳುತ್ತದೆ. ಸವಾನಾದಲ್ಲೂ ಈ ನೀಲಿ ಇದೆ, ಜಟೆ ನೋಡುತ್ತಾ ನಾನು ಗಮನಿಸಿರಲಿಲ್ಲ. ಅವರ ಕತೆಗಳಲ್ಲಿ ಬೂ ಹ್ಯಾಗ್ ಅಂತ ಒಬ್ಬಳಿದ್ದಾಳೆ. ರಾತ್ರಿ ತನ್ನ ಚರ್ಮ ಕಳಚಿಟ್ಟು ಬಂದು, ಮಲಗಿದವರ ಎದೆ ಮೇಲೆ ಕೂತು ಉಸಿರು ಹೀರುತ್ತಾಳೆ. ಅವಳನ್ನು ತಡೆಯುವುದು ಹೇಗೆ ಗೊತ್ತಾ? ಬಾಗಿಲ ಹತ್ತಿರ ಪೊರಕೆ ಇಡುವುದು. ಅವಳು ಒಂದೊಂದೇ ಕಡ್ಡಿ ಎಣಿಸದೆ ಮುಂದೆ ಹೋಗಲಾರಳು, ಎಣಿಸುತ್ತಾ ಬೆಳಗಾಗುತ್ತದೆ. ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಬರೆದು ದೆವ್ವವನ್ನು ಸಾಗಹಾಕಿದ ಹಾಗೇ ಇದು, ಹೊಡೆದು ಓಡಿಸುವುದಲ್ಲ, ಸುಮ್ನೆ ಹೊತ್ತು ಕಳೆಯಿಸುವುದು.

ಎರಡನೇ ದಿನ ಏಕನ್ ರೆಟ್ ಅನ್ನುವ ಹಳೇ ಬಂಗಲೆಗೆ ಹೋದೆ. ಅದನ್ನು ಹೊಸದು ಮಾಡದೆ, ಬಣ್ಣ ಉದುರಿದ್ದು ಉದುರಿದ ಹಾಗೇ ಉಳಿಸಿಕೊಂಡಿದ್ದಾರೆ. ಹಿತ್ತಲಲ್ಲಿ ಅಡುಗೆಮನೆ, ಬಟ್ಟೆ ಒಗೆಯುವ ಕೋಣೆ, ಮೇಲೆ ಗುಲಾಮರು ಮಲಗುತ್ತಿದ್ದ ಸಣ್ಣ ಕೋಣೆಗಳು. ಈ ಊರಿನ ಹಳೇ ಇಟ್ಟಿಗೆಗಳನ್ನು ಮಾಡಿದವರೂ ಗುಲಾಮರೇ, ಅವರಲ್ಲಿ ಮಕ್ಕಳೂ ಇದ್ದರು. ಸಂಜೆ ಬೀದಿಯ ಗೋಡೆಯೊಂದರಲ್ಲಿ ಅಂಥ ಇಟ್ಟಿಗೆ ಸಿಕ್ಕಿತು. ಹಸಿ ಮಣ್ಣಿಗೆ ಒತ್ತಿದ ಮೂರು ಬೆರಳಿನ ಗುಳಿ. ನನ್ನ ಬೆರಳು ಇಟ್ಟು ನೋಡಿದೆ. ಕಿರುಬೆರಳು ಮಾತ್ರ ಹಿಡಿಸಿತು.

ಆಗ ಗೊತ್ತಾಯಿತು ಗುಡಿಸುವವಳು ಯಾರು ಅಂತ. ಮೊದಲೆರಡು ಸಲ ಬರೆದಾಗ ನನಗೇ ಗೊತ್ತಿರಲಿಲ್ಲ. ಟೂರುಗಳಲ್ಲಿ ಬರುವ ದೆವ್ವಗಳು ಜಾಸ್ತಿ ಯಜಮಾನರು, ಯಜಮಾನಿಯರು, ಕಡಲ್ಗಳ್ಳರು. ಬೆಳಗಾಗುವ ಮುಂಚೆ ಎದ್ದು ಜಗಲಿ ಗುಡಿಸಿದವರ ಹೆಸರು ಅದರಲ್ಲಿ ನಾನು ಕೇಳಿದ್ದು ಕಮ್ಮಿ.

ಹಾಗಾಗಿ ಕತೆ ಚಾರ್ಲ್‌ಸ್ಟನ್‌ನದ್ದಾಯಿತು. ಮೊದಲ ಎರಡು ಸಲ ಹುಡುಗಿ ಬಾಗಿಲ ಮೇಲೆ "ನಾಳೆ ಬಾ" ಅಂತ ಬರೆಯುತ್ತಿದ್ದಳು. ಆ ಸಾಲು ತೆಗೆದಿದ್ದೇನೆ. ಈಗ ಅವಳು ಪಕ್ಕದ ಮನೆಯ ಮುದುಕಿ ಹೇಳಿದಂತೆ ಬಾಗಿಲ ಹೊರಗೆ ಪೊರಕೆ ಇಟ್ಟು ಮಲಗುತ್ತಾಳೆ. ಅದು ಕಾವಲಿಗೋ, ಗುಡಿಸುವವಳ ಕೈಗೆ ಸಿಗಲಿ ಅಂತಲೋ, ನಾನಿನ್ನೂ ತೀರ್ಮಾನ ಮಾಡಿಲ್ಲ.