ಹಳೇ ಮಲ್ಟಿಮೀಟರ್ ತಗೊಳೋರು ಮೊದ್ಲು ಹಿಂದಿನ ಮುಚ್ಚಳ ಬಿಚ್ಚಿ ನೋಡಿ

ಸೆಕೆಂಡ್ ಹ್ಯಾಂಡ್ ಮಲ್ಟಿಮೀಟರ್ (ವೋಲ್ಟೇಜ್, ಕರೆಂಟ್ ಅಳೆಯೋ ಮೀಟರ್) ಕಮ್ಮಿ ರೇಟಿಗೆ ಸಿಗ್ತಿದೆ ಅಂತ ಯಾರಾದ್ರೂ ತಗೊಳೋಕೆ ಹೊರಟಿದ್ರೆ ಸ್ವಲ್ಪ ನಿಲ್ಲಿ. ನಾನು ತಗೊಂಡಿದ್ದು ಎಲ್ಲಾ ಕಡೆ ಕಾಣೋ ಆ ಹಳದಿ ಡಿಟಿ-830 ಥರದ್ದು, ಹಳೇ ಸಾಮಾನಿನ ಅಂಗಡೀಲಿ. ಆನ್ ಮಾಡಿ ತೋರಿಸಿದ, ನಂಬರ್ ಬಂತು, ತಂದೆ.

ಮನೆ ಪ್ಲಗ್‌ಗೆ ಇಟ್ರೆ 268 ವೋಲ್ಟ್! ಮನೆಯವ್ರೆಲ್ಲ ಗಾಬರಿ, ಫ್ರಿಡ್ಜ್ ಆಫ್ ಮಾಡಿ ಹಾಲು ಮೊಸರೆಲ್ಲ ಪಕ್ಕದ ಮನೆಗೆ ಸಾಗಿಸಿ (ಅವ್ರದ್ದೂ ಅದೇ ಲೈನು, ಅದು ಬೇರೆ ಮಾತು) ಸ್ಟೆಬಿಲೈಜರ್‌ಗೆ ಅಡ್ವಾನ್ಸ್ ಬೇರೆ ಕೊಟ್ಟಾಯ್ತು. ಲೈನ್‌ಮನ್ ಬಂದು ತಮ್ಮ ಕ್ಲ್ಯಾಂಪ್ ಮೀಟರಲ್ಲಿ ನೋಡಿದ್ರೆ 231. "ಕರೆಂಟ್ ಸರಿಯಾಗೇ ಇದೆ ಸಾರ್, ನಿಮ್ ಮೀಟರ್‌ಗೇ ಏನೋ ಆಗಿದೆ" ಅಂದು ಹೊರಟ್ರು.

ಅವತ್ತೇ ಸಂಜೆ ಹಿಂದಿನ ಎರಡು ಸ್ಕ್ರೂ ಬಿಚ್ಚಿದೆ. 9 ವೋಲ್ಟ್ ಬ್ಯಾಟರಿ ಸೋರಿ ಕ್ಲಿಪ್ ಮೇಲೆಲ್ಲ ಹಸಿರು ಹಸಿರಾಗಿ ಪುಡಿ ಕಟ್ಟಿತ್ತು. ಈ ಮೀಟರ್‌ಗಳು ಬರೋ ವೋಲ್ಟೇಜನ್ನ ತಮ್ಮೊಳಗಿನ ಒಂದು ರೆಫರೆನ್ಸ್ (ಅಳತೆಗೋಲಿನ ಥರದ ವೋಲ್ಟೇಜ್) ಜೊತೆ ಹೋಲಿಸಿ ನಂಬರ್ ತೋರಿಸ್ತವೆ, ಬ್ಯಾಟರಿ ತೀರಾ ಇಳಿದ್ರೆ ಆ ರೆಫರೆನ್ಸೂ ಇಳಿಯುತ್ತೆ, ಆವಾಗ ನಂಬರ್ ಜಾಸ್ತಿ ಬರುತ್ತೆ. ಬ್ಯಾಟರಿ ಸತ್ರೆ ಕಮ್ಮಿ ತೋರಿಸುತ್ತೆ ಅಂತ ತುಂಬಾ ಜನ ಅಂದ್ಕೊಂಡಿರ್ತಾರೆ, ಇದ್ರಲ್ಲಿ ಉಲ್ಟಾ. ಲೋ ಬ್ಯಾಟರಿ ಚಿಹ್ನೆಯೂ ಇದ್ರಲ್ಲಿ ಬಂದಿರ್ಲಿಲ್ಲ.

ಇಷ್ಟೇ ಆಗಿದ್ರೆ ಹೊಸ ಬ್ಯಾಟರಿ ಹಾಕಿ ಸುಮ್ನಾಗ್ತಿದ್ದೆ, ಈ ಪೋಸ್ಟೇ ಬರೀತಿರ್ಲಿಲ್ಲ. ಗಾಜಿನ ಫ್ಯೂಸ್ ಇರಬೇಕಾದ ಜಾಗದಲ್ಲಿ ಯಾರೋ ಪುಣ್ಯಾತ್ಮ ತಾಮ್ರದ ವೈರ್ ಎಳೆ ಸುತ್ತಿ ಬೆಸುಗೆ ಹಾಕಿದ್ದ. ಈ ಮಾಡೆಲ್‌ನಲ್ಲಿ ವೋಲ್ಟೇಜ್ ನೋಡೋಕೂ ಮಿಲಿಆಂಪ್ (ಸಣ್ಣ ಕರೆಂಟ್) ನೋಡೋಕೂ ಕೆಂಪು ವೈರ್ ಸಿಕ್ಕಿಸೋ ತೂತು ಒಂದೇ. ಡಯಲ್ 200 ಮಿಲಿಆಂಪ್ ಮೇಲೆ ಇದ್ದಾಗ ಮಕ್ಕಳೋ ಯಾರೋ ಪ್ಲಗ್‌ಗೆ ಇಟ್ರೆ ಒಳ್ಳೇ ಮೀಟರಲ್ಲಿ ಫ್ಯೂಸ್ ಹೋಗುತ್ತೆ, ಇದ್ರಲ್ಲಿ ಕೈಯಲ್ಲೇ ಬೋರ್ಡ್ ಪಟಾಕಿ ಥರ ಸಿಡಿಯುತ್ತೆ. ಪಕ್ಕದ 10 ಆಂಪ್ ತೂತಿಗಂತೂ ಫ್ಯೂಸೇ ಇರಲ್ಲ, ಒಳಗೆ ಬರೀ ಒಂದು ದಪ್ಪ ಕಂಬಿ, ಹೊರಗಡೆ 'ಅನ್‌ಫ್ಯೂಸ್ಡ್' ಅಂತ ಚಿಕ್ಕದಾಗಿ ಬರೆದಿರ್ತಾರೆ.

ಅಂಗಡಿಗೆ ವಾಪಸ್ ತಗೊಂಡ್ಹೋದೆ. "ಹಳೇ ಮಾಲ್‌ಗೆಲ್ಲ ಗ್ಯಾರಂಟಿ ಇಲ್ಲ ಸಾರ್" ಅಂದ, ಅಷ್ಟೇ.

ತಗೊಳ್ಳೇಬೇಕು ಅಂತಿದ್ರೆ ಅಲ್ಲೇ ಮುಚ್ಚಳ ಬಿಚ್ಚಿಸಿ ಫ್ಯೂಸ್ ನೋಡಿ, ಹೊಸದು ಹಾಕೋದಾದ್ರೆ ಮೀಟರ್ ಮೇಲೆ ಬರೆದಿರೋ ಆಂಪ್‌ದೇ ಹಾಕಿ. ಜೇಬಲ್ಲಿ ಒಂದು ಹೊಸ ಪೆನ್ಸಿಲ್ ಸೆಲ್ ಇಟ್ಕೊಂಡು ಹೋಗಿ, ಅದನ್ನ ಅಳೆದ್ರೆ ಮೀಟರ್ 1.5ರಿಂದ 1.6 ವೋಲ್ಟ್ ಒಳಗೆ ತೋರಿಸ್ಬೇಕು, 1.8 ಅಂತ ಬಂದ್ರೆ ಮೀಟರ್ ಬ್ಯಾಟರಿ ಬದಲಾಯಿಸಿ ಇನ್ನೊಂದ್ಸಲ ನೋಡಿ. ಡಯಲ್ ಮಾತ್ರ ಕಳಚೋಕೆ ಹೋಗ್ಬೇಡಿ, ಅದರೊಳಗೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಸ್ಟೀಲ್ ಗುಂಡುಗಳು ಸ್ಪ್ರಿಂಗ್ ಮೇಲೆ ಕೂತಿರ್ತವೆ, ಟಣ್ ಅಂತ ಹಾರಿದ್ರೆ ಮಂಚದ ಕೆಳಗೆ ಟಾರ್ಚ್ ಹಿಡ್ಕೊಂಡು ಹುಡುಕ್ತಾ ಇರ್ಬೇಕು. ನನ್ನದರಲ್ಲಿ ಒಂದು ಇನ್ನೂ ಸಿಕ್ಕಿಲ್ಲ.