ಡೆಸ್ಕ್‌ಟಾಪಿನಲ್ಲಿ ಮೊಬೈಲ್ ಆ್ಯಪ್: ನಾಲ್ಕು ಎಮ್ಯುಲೇಟರ್, ಒಂದು ಕೇಬಲ್

ಫೋನು ಕೈಯಲ್ಲೇ ಇದೆ, ಅದರ ಆ್ಯಪನ್ನು ದೊಡ್ಡ ಪರದೆಯಲ್ಲಿ ನೋಡಿ ಕೀಬೋರ್ಡಿನಿಂದ ಟೈಪ್ ಮಾಡಿದರೆ ಸಾಕು ಅನ್ನುವವರಿಗೆ ಎಮ್ಯುಲೇಟರ್ (ಕಂಪ್ಯೂಟರಿನೊಳಗೆ ಫೋನಿನಂತೆ ನಟಿಸುವ ತಂತ್ರಾಂಶ) ಬೇಕಾಗಿಯೇ ಇಲ್ಲ. ಒಂದು ಯುಎಸ್‌ಬಿ ಕೇಬಲ್ಲು, ಸ್ಕ್ರೀನ್‌ಕಾಪಿ ಎಂಬ ಉಚಿತ ತಂತ್ರಾಂಶ ಇದ್ದರೆ ಆಯಿತು. ಇದನ್ನು ಮೊದಲೇ ಹೇಳಬೇಕಾಗಿದೆ. ಗಂಗಾವತಿಯ ರೈಸ್‌ಮಿಲ್ ಆಫೀಸಾಗಲಿ, ರಾಯಚೂರಿನ ಹತ್ತಿ ಅಡತಿ ಅಂಗಡಿಯಾಗಲಿ, ಬಳ್ಳಾರಿಯ ಜೀನ್ಸ್ ಘಟಕವಾಗಲಿ, ಮೇಜಿನ ಮೇಲೆ ಸಾಮಾನ್ಯವಾಗಿ ಕಾಣುವುದು ಸೆಕೆಂಡ್‌ಹ್ಯಾಂಡ್ ಸಿಸ್ಟಮ್ಮು. ಅದರಲ್ಲಿ ಆಗಲೇ ಲೆಕ್ಕದ ಸಾಫ್ಟ್‌ವೇರು, ಬ್ರೌಸರು, ಪ್ರಿಂಟರು ಓಡುತ್ತಿರುತ್ತವೆ. ಎಮ್ಯುಲೇಟರ್ ಹಾಕುವುದೆಂದರೆ ಇಷ್ಟರ ಮೇಲೆ ಇಡೀ ಒಂದು ಆ್ಯಂಡ್ರಾಯ್ಡ್ ಫೋನನ್ನು ಕೂರಿಸಿದ ಹಾಗೆ. 4 ಜಿಬಿ ರ‍್ಯಾಮಿದ್ದರೆ ಆ ದಾರಿಗೇ ಹೋಗಬೇಡಿ. ಕಂಪನಿಗಳು ಕನಿಷ್ಠ 4 ಜಿಬಿ ಸಾಕೆಂದು ಬರೆದಿರಬಹುದು, ಆದರೆ ಅಷ್ಟರಲ್ಲಿ ವಿಂಡೋಸ್ ಮತ್ತು ಆ್ಯಂಡ್ರಾಯ್ಡ್ ಎರಡೂ ಹಾರ್ಡ್‌ಡಿಸ್ಕನ್ನೇ ರ‍್ಯಾಮಿನಂತೆ ಬಳಸಲು ಹೊರಟು ಎರಡೂ ತೆವಳುತ್ತವೆ.

ಈ ಹೋಲಿಕೆಗೆ ಆಧಾರವಾಗಿ ಇಟ್ಟುಕೊಂಡಿರುವುದು ಇಲ್ಲಿ ಸುಲಭವಾಗಿ ಸಿಗುವ ಮಟ್ಟದ ಯಂತ್ರವನ್ನೇ: ಆರನೇ ತಲೆಮಾರಿನ ಇಂಟೆಲ್ ಐ5, ನಾಲ್ಕು ಕೋರ್, 8 ಜಿಬಿ ರ‍್ಯಾಮು, 240 ಜಿಬಿ ಎಸ್‌ಎಸ್‌ಡಿ, ಬೇರೆ ಗ್ರಾಫಿಕ್ಸ್ ಕಾರ್ಡಿಲ್ಲ. ಎಸ್‌ಎಸ್‌ಡಿ ಇಲ್ಲದಿದ್ದರೆ ಮೊದಲು ಅದನ್ನೇ ಹಾಕಿಸಿ. ಯಾವ ಎಮ್ಯುಲೇಟರಾದರೂ ಏಳುವಾಗ ಸಾವಿರಾರು ಸಣ್ಣ ಫೈಲುಗಳನ್ನು ಓದುತ್ತದೆ, ತಿರುಗುವ ಹಾರ್ಡ್‌ಡಿಸ್ಕು ಸೋಲುವುದು ಅಲ್ಲೇ.

ಮೊದಲು ಬಯೋಸ್ ನೋಡಿ

"ಎಮ್ಯುಲೇಟರ್ ಸ್ಲೋ" ಎಂಬ ದೂರುಗಳಲ್ಲಿ ಬಹಳಷ್ಟಕ್ಕೆ ಕಾರಣ ಎಮ್ಯುಲೇಟರಲ್ಲ, ಪ್ರೊಸೆಸರಿನ ವರ್ಚುವಲೈಸೇಶನ್, ಅಂದರೆ ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಓಡಿಸುವ ಸೌಲಭ್ಯ, ಆಫ್ ಆಗಿರುವುದು. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆಯಿರಿ. ಪರ್ಫಾರ್ಮೆನ್ಸ್ ಪುಟದ ಸಿಪಿಯು ಭಾಗದಲ್ಲಿ ವರ್ಚುವಲೈಸೇಶನ್ ಎನೇಬಲ್ಡ್ ಎಂದಿರಬೇಕು. ಇಲ್ಲದಿದ್ದರೆ ರೀಸ್ಟಾರ್ಟ್ ಮಾಡಿ ಬಯೋಸ್ (ವಿಂಡೋಸಿಗೂ ಮೊದಲು ಏಳುವ ಮೂಲ ಸೆಟ್ಟಿಂಗ್ ಪುಟ) ಒಳಗೆ ಹೋಗಿ. ಎಚ್‌ಪಿ ಡೆಸ್ಕ್‌ಟಾಪಾದರೆ ಎಫ್10, ಡೆಲ್ ಆದರೆ ಎಫ್2. ಇಂಟೆಲ್ ಯಂತ್ರದಲ್ಲಿ ವರ್ಚುವಲೈಸೇಶನ್ ಟೆಕ್ನಾಲಜಿ, ಎಎಂಡಿಯಲ್ಲಿ ಎಸ್‌ವಿಎಂ ಮೋಡ್ ಎಂದಿರುತ್ತದೆ. ಅದನ್ನು ಆನ್ ಮಾಡಿ ಸೇವ್ ಮಾಡಿ. ಹಳೆಯ ಆಫೀಸ್ ಯಂತ್ರಗಳಲ್ಲಿ ಇದು ಆಫ್ ಇರುವುದು ಮಾಮೂಲು.

ಎರಡನೆಯ ತೊಡಕು ಹೈಪರ್-ವಿ. ವಿಂಡೋಸಿನ ಈ ಒಳವ್ಯವಸ್ಥೆ ಆನ್ ಇದ್ದರೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯ ಅದರ ಹಿಡಿತದಲ್ಲಿರುತ್ತದೆ. ವರ್ಚುವಲ್‌ಬಾಕ್ಸ್ ಮೂಲದ ಎಮ್ಯುಲೇಟರುಗಳು (ಮುಂದೆ ಬರುವ ಎಲ್‌ಡಿಪ್ಲೇಯರ್ ಅಂಥದ್ದು) ಆಗ ನಿಧಾನವಾಗುತ್ತವೆ, ಇಲ್ಲವೇ ಲೋಡಿಂಗ್ ಪಟ್ಟಿ ಅರ್ಧದಲ್ಲೇ ನಿಲ್ಲುತ್ತದೆ. ಆಫ್ ಮಾಡಲು ವಿಂಡೋಸ್ ಫೀಚರ್ಸ್ ಪಟ್ಟಿಯಲ್ಲಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್ ಮೂರರ ಟಿಕ್ಕನ್ನೂ ತೆಗೆದು ರೀಸ್ಟಾರ್ಟ್ ಮಾಡಬೇಕು. ಅಷ್ಟಾದರೂ ಸರಿಹೋಗದಿದ್ದರೆ ವಿಂಡೋಸ್ ಸೆಕ್ಯುರಿಟಿಯ ಕೋರ್ ಐಸೊಲೇಶನ್ ಒಳಗಿನ ಮೆಮೊರಿ ಇಂಟೆಗ್ರಿಟಿಯೇ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಆದರೆ ಅದು ವೈರಸ್ ತಡೆಯುವ ಕಾವಲು. ವ್ಯಾಪಾರದ ಲೆಕ್ಕ, ಜಿಎಸ್‌ಟಿ ಪಾಸ್‌ವರ್ಡ್ ಇರುವ ಯಂತ್ರದಲ್ಲಿ ಒಂದು ಆಟಕ್ಕೋಸ್ಕರ ಅದನ್ನು ತೆಗೆಯುವುದು ಸರಿಯಲ್ಲ.

ಬ್ಲೂಸ್ಟ್ಯಾಕ್ಸ್ 5, ಎಲ್‌ಡಿಪ್ಲೇಯರ್ 9

ವಿಂಡೋಸ್ ಬಳಸುವವರ ಮುಂದೆ ಮೊದಲು ಬರುವುದು ಇವೆರಡೇ. ಎರಡೂ ಉಚಿತ, ಎರಡರಲ್ಲೂ ಜಾಹೀರಾತು, ಎರಡನ್ನೂ ಕಟ್ಟಿರುವುದು ಆಟ ಆಡುವವರಿಗೆಂದೇ.

ಎಲ್‌ಡಿಪ್ಲೇಯರ್ 9ರ ಒಳಗಿರುವುದು ಆ್ಯಂಡ್ರಾಯ್ಡ್ 9. ಹಳೆಯ ಯಂತ್ರದಲ್ಲಿ ಇದೇ ಹಗುರ. 2 ಕೋರ್, 2 ಜಿಬಿ ಕೊಟ್ಟರೆ 8 ಜಿಬಿ ಯಂತ್ರದಲ್ಲಿ ಪಕ್ಕದಲ್ಲೇ ಬ್ರೌಸರನ್ನೂ ಇಟ್ಟುಕೊಳ್ಳಬಹುದು. ಕೊರತೆ ಇರುವುದು ಆ್ಯಂಡ್ರಾಯ್ಡ್ ಆವೃತ್ತಿಯಲ್ಲಿ. ಹೊಸ ಆ್ಯಪುಗಳು ಒಂದೊಂದಾಗಿ ಆ್ಯಂಡ್ರಾಯ್ಡ್ 9ರ ಕೈಬಿಡುತ್ತಾ ಹೋದಂತೆ ಪ್ಲೇಸ್ಟೋರಿನಲ್ಲಿ "ನಿಮ್ಮ ಸಾಧನಕ್ಕೆ ಹೊಂದುವುದಿಲ್ಲ" ಎಂದು ಬರತೊಡಗುತ್ತದೆ.

ಬ್ಲೂಸ್ಟ್ಯಾಕ್ಸ್ ಸ್ವಲ್ಪ ಭಾರ. ಆದರೆ ಅದರ ಮಲ್ಟಿ ಇನ್‌ಸ್ಟೆನ್ಸ್ ಮ್ಯಾನೇಜರಿನಲ್ಲಿ (ಒಂದಕ್ಕಿಂತ ಹೆಚ್ಚು ಆ್ಯಂಡ್ರಾಯ್ಡ್ ಪ್ರತಿಗಳನ್ನು ನೋಡಿಕೊಳ್ಳುವ ಕಿಟಕಿ) ಆ್ಯಂಡ್ರಾಯ್ಡ್ 7ರಿಂದ 11, 13ರವರೆಗೆ ಬೇಕಾದ್ದನ್ನು ಆರಿಸಿಕೊಳ್ಳಬಹುದು. ಹೈಪರ್-ವಿ ಆನ್ ಇದ್ದರೂ ಓಡುತ್ತದೆ ಎಂಬುದು ಇನ್ನೂ ದೊಡ್ಡ ಅನುಕೂಲ. ಆಟಕ್ಕಲ್ಲ, ಕೆಲಸದ ಆ್ಯಪಿಗೆ ಎನ್ನುವುದಾದರೆ ಇವೆರಡರಲ್ಲಿ ನಮ್ಮ ಆಯ್ಕೆ ಬ್ಲೂಸ್ಟ್ಯಾಕ್ಸ್. ಸೆಟ್ಟಿಂಗ್ಸಿನ ಪರ್ಫಾರ್ಮೆನ್ಸ್ ಪುಟದಲ್ಲಿ 2 ಕೋರ್, 2 ಜಿಬಿ, ಫ್ರೇಮ್ ರೇಟ್ 30 ಇಡಿ. ಎಲ್ಲಾ ನಾಲ್ಕು ಕೋರ್ ಕೊಟ್ಟರೆ ಬೇಗ ಓಡುತ್ತದೆ ಎಂದುಕೊಳ್ಳುವುದು ತಪ್ಪು. ವಿಂಡೋಸಿಗೇ ಕೋರ್ ಉಳಿಯದೆ ಮೌಸ್ ಸಹ ತಡವರಿಸುತ್ತದೆ. ಡಿಪಿಐಯನ್ನು (ಪರದೆಯ ಮೇಲಿನ ಅಕ್ಷರ, ಚಿತ್ರಗಳ ಗಾತ್ರ ನಿರ್ಧರಿಸುವ ಅಂಕಿ) 160ಕ್ಕೆ ಇಳಿಸಿದರೆ ಪಟ್ಟಿ, ಕೋಷ್ಟಕ ಇರುವ ಆ್ಯಪುಗಳಲ್ಲಿ ಒಂದೇ ಪರದೆಗೆ ಹೆಚ್ಚು ಸಾಲು ಕಾಣುತ್ತವೆ.

ಎಮ್ಯುಲೇಟರ್ ಯಾವುದೇ ಇರಲಿ, ಇಳಿಸಿಕೊಳ್ಳುವುದು ಅದರದ್ದೇ ತಾಣದಿಂದ ಮಾತ್ರ. ಪೆನ್‌ಡ್ರೈವಿನಲ್ಲಿ ಅಂಗಡಿಯಿಂದ ಅಂಗಡಿಗೆ ಸಾಗುವ ಹಳೆಯ ಇನ್‌ಸ್ಟಾಲರ್ ಬೇಡ. 2021ರಲ್ಲಿ ನಾಕ್ಸ್ ಎಂಬ ಇನ್ನೊಂದು ಎಮ್ಯುಲೇಟರಿನ ಅಪ್‌ಡೇಟ್ ವ್ಯವಸ್ಥೆಯೊಳಗೇ ದಾಳಿಕೋರರು ನುಸುಳಿದ್ದನ್ನು ಈಸೆಟ್ ಭದ್ರತಾ ಸಂಸ್ಥೆ ಬಯಲಿಗೆಳೆದಿತ್ತು. ಅಧಿಕೃತ ಅಪ್‌ಡೇಟಿನ ದಾರಿಯಲ್ಲೇ ಹೀಗಾಗಬಹುದಾದರೆ ಎಮ್ಯುಲೇಟರಿಗೆ ನಿಮ್ಮ ಮುಖ್ಯ ಗೂಗಲ್ ಖಾತೆ ಕೊಡದೆ ಬೇರೊಂದು ಖಾತೆ ತೆರೆದು ಕೊಡುವುದೇ ಜಾಣತನ.

ಆ್ಯಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್

ಆ್ಯಪ್ ಬರೆಯುವವರಿಗೆಂದು ಇರುವ ಇದು ಗೂಗಲ್‌ನದ್ದೇ. ಜಾಹೀರಾತಿಲ್ಲ, ಹೊಸ ಆ್ಯಂಡ್ರಾಯ್ಡ್ ಮೊದಲು ಬರುವುದೂ ಇಲ್ಲಿಗೇ. ಬಳ್ಳಾರಿ, ರಾಯಚೂರಿನ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಪ್ರಾಜೆಕ್ಟಿಗೆ ಬಳಸಬೇಕಾದ್ದು ಇದನ್ನೇ. ಆದರೆ 8 ಜಿಬಿ ರ‍್ಯಾಮು ಇದಕ್ಕೆ ಬಿಗಿ, 16 ಇದ್ದರೆ ನೆಮ್ಮದಿ. ಡಿಸ್ಕಿನ ಮೇಲೂ ಹೊರೆ: ಸಿಸ್ಟಮ್ ಇಮೇಜೊಂದೇ (ಎಮ್ಯುಲೇಟರಿನಲ್ಲಿ ಓಡುವ ಆ್ಯಂಡ್ರಾಯ್ಡಿನ ಫೈಲು) 1 ಜಿಬಿಗಿಂತ ಹೆಚ್ಚು ಡೌನ್‌ಲೋಡು, ಮೊಬೈಲ್ ಹಾಟ್‌ಸ್ಪಾಟಿನಿಂದ ಇಳಿಸುವವರು ದಿನದ ಡೇಟಾ ನೋಡಿಕೊಳ್ಳಬೇಕು.

ವರ್ಚುವಲ್ ಡಿವೈಸ್ ಮ್ಯಾನೇಜರ್ ತೆರೆದು ಹೊಸ ಸಾಧನ ಸೃಷ್ಟಿಸುವಾಗ ಎರಡು ವಿಷಯ ಗಮನಿಸಿ. ಪ್ಲೇಸ್ಟೋರ್ ಬೇಕಿದ್ದರೆ ಹೆಸರಿನ ಪಕ್ಕ ಪ್ಲೇಸ್ಟೋರ್ ಗುರುತಿರುವ ಇಮೇಜನ್ನೇ ಆರಿಸಬೇಕು, ಗೂಗಲ್ ಎಪಿಐ ಎಂದಷ್ಟೇ ಇರುವುದರಲ್ಲಿ ಸ್ಟೋರ್ ಇರುವುದಿಲ್ಲ. ಆ್ಯಂಡ್ರಾಯ್ಡ್ 11 ಅಥವಾ ಅದಕ್ಕಿಂತ ಹೊಸದು ಹಾಕಿ. ಫೋನಿನ ಪ್ರೊಸೆಸರು ಎಆರ್‌ಎಂ ಜಾತಿಯದು, ಡೆಸ್ಕ್‌ಟಾಪಿನದು ಎಕ್ಸ್86. ಎಆರ್‌ಎಂಗಾಗಿಯೇ ಕಟ್ಟಿದ ಕೋಡನ್ನು ಎಕ್ಸ್86ಕ್ಕೆ ತಿರುಗಿಸಿ ಓಡಿಸುವ ಸೌಲಭ್ಯ ಈ ಎಮ್ಯುಲೇಟರಿಗೆ ಬಂದದ್ದು 2020ರಲ್ಲಿ, ಆ್ಯಂಡ್ರಾಯ್ಡ್ 11ರ ಇಮೇಜುಗಳ ಜೊತೆ. ಬಹುತೇಕ ಹಳೆಯ ಇಮೇಜುಗಳಲ್ಲಿ ಅಂಥ ಆ್ಯಪು ಇನ್‌ಸ್ಟಾಲ್ ಹಂತದಲ್ಲೇ ಬಿದ್ದುಹೋಗುತ್ತದೆ.

ವಿಂಡೋಸಿನಲ್ಲಿ ಇದನ್ನು ವೇಗವಾಗಿ ಓಡಿಸುವ ಒಂದು ದಾರಿ ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮನ್ನು ಆನ್ ಇಡುವುದು. ಎಲ್‌ಡಿಪ್ಲೇಯರಿಗೆ ಅದು ಆಫ್ ಇದ್ದರೇ ಚೆನ್ನ. ಹೀಗಾಗಿ ಇವೆರಡನ್ನು ಒಂದೇ ಯಂತ್ರದಲ್ಲಿ ಇಟ್ಟುಕೊಂಡವರು ಅದಕ್ಕೊಮ್ಮೆ ಇದಕ್ಕೊಮ್ಮೆ ರೀಸ್ಟಾರ್ಟ್ ಮಾಡುತ್ತಾ ಕೂರಬೇಕಾಗುತ್ತದೆ.

ಇದರ ನಿಜವಾದ ಬಲ ಜಿಪಿಎಸ್. ಎಕ್ಸ್‌ಟೆಂಡೆಡ್ ಕಂಟ್ರೋಲ್ಸ್ ಒಳಗಿನ ಲೊಕೇಶನ್ ಪುಟದಲ್ಲಿ ಅಕ್ಷಾಂಶ 15.35, ರೇಖಾಂಶ 76.15 ಕೊಟ್ಟರೆ ಆ್ಯಪು ಕೊಪ್ಪಳದಲ್ಲಿದ್ದೇನೆಂದು ತಿಳಿಯುತ್ತದೆ, 16.2 ಮತ್ತು 77.35 ಕೊಟ್ಟರೆ ರಾಯಚೂರು. ನೀವೇ ಬರೆದ ನಕ್ಷೆ ಆ್ಯಪನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಸಾಧನವಿಲ್ಲ. ಬೆಳೆ ಸಮೀಕ್ಷೆಯ ಆ್ಯಪಿಗೆ ಮಾತ್ರ ಈ ಸೌಲಭ್ಯ ಬಳಸಬಾರದು. ಅದು ಇರುವುದೇ ಹೊಲದಲ್ಲಿ ನಿಂತು ಫೋಟೊ ತೆಗೆಯಲೆಂದು. ಕುರ್ಚಿಯಲ್ಲಿ ಕೂತು ಸ್ಥಳ ತುಂಬಿದರೆ ಅದು ಸುಳ್ಳು ದಾಖಲೆ, ನಾಳೆ ಬೆಳೆ ವಿಮೆ, ಪರಿಹಾರದ ಹೊತ್ತಿಗೆ ಪೆಟ್ಟು ಬೀಳುವುದು ರೈತನಿಗೆ.

ವೇಡ್ರಾಯ್ಡ್: ಲಿನಕ್ಸ್ ಇದ್ದವರಿಗೆ

ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಆರನೇ ತಲೆಮಾರಿನ ಐ5 ವಿಂಡೋಸ್ 11ರ ಅಧಿಕೃತ ಪಟ್ಟಿಯಲ್ಲಿಲ್ಲ. ಉಬುಂಟು ಎಂಬ ಉಚಿತ ಲಿನಕ್ಸ್ ಹಾಕಿಕೊಂಡರೆ ಅದೇ ಯಂತ್ರಕ್ಕೆ ಇನ್ನೂ ಆಯುಸ್ಸಿದೆ, ಆಗ ವೇಡ್ರಾಯ್ಡ್ ಉಳಿದ ಮೂರನ್ನೂ ಹಿಂದೆ ಹಾಕುತ್ತದೆ. ಕಾರಣ ಸರಳ: ಇದು ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ನಟಿಸುವುದಿಲ್ಲ. ಲಿನೇಜ್‌ಒಎಸ್ ಆಧಾರಿತ ಆ್ಯಂಡ್ರಾಯ್ಡನ್ನು ಒಂದು ಕಂಟೇನರಿನಲ್ಲಿ, ಅಂದರೆ ಪ್ರತ್ಯೇಕ ಕೋಣೆಯಂಥ ಜಾಗದಲ್ಲಿಟ್ಟು, ಲಿನಕ್ಸಿನ ಕರ್ನೆಲನ್ನೇ (ಅದರ ತಿರುಳನ್ನೇ) ಹಂಚಿಕೊಂಡು ಓಡಿಸುತ್ತದೆ. ಆದ್ದರಿಂದ ಬಯೋಸಿನ ವರ್ಚುವಲೈಸೇಶನ್ ಗೊಡವೆಯೇ ಇಲ್ಲ.

ತೊಡಕುಗಳು ಬೇರೆ ಜಾತಿಯವು. ಪರದೆಯ ಮೇಲೆ ಕಿಟಕಿಗಳನ್ನು ತೋರಿಸುವ ಹೊಸ ವ್ಯವಸ್ಥೆಯಾದ ವೇಲ್ಯಾಂಡ್ ಸೆಶನ್ ಬೇಕು. ಉಬುಂಟುವಿನಲ್ಲಿ ಅದು ಸಹಜವಾಗಿಯೇ ಇದೆ, ಹಳೆಯ ವ್ಯವಸ್ಥೆಯಾದ ಎಕ್ಸ್11 ಮೇಲೆ ಓಡುವ ಮಿಂಟ್ ಎಂಬ ಇನ್ನೊಂದು ಲಿನಕ್ಸಿನಲ್ಲಿ ವೆಸ್ಟನ್ ಎಂಬ ಕಿಟಕಿಯೊಳಗೆ ತೆರೆಯಬೇಕು. ಇಂಟೆಲ್, ಎಎಂಡಿ ಗ್ರಾಫಿಕ್ಸ್ ಸಲೀಸು, ಎನ್‌ವಿಡಿಯಾ ತಲೆನೋವು. ಕೋರ್ ಟೂ ಡ್ಯುಯೋ ಕಾಲದ ಯಂತ್ರಕ್ಕೆ ಎಸ್‌ಎಸ್‌ಇ 4.2 ಎಂಬ ಪ್ರೊಸೆಸರ್ ಸೌಲಭ್ಯ ಇಲ್ಲದ ಕಾರಣ 64 ಬಿಟ್ ಇಮೇಜು ಏಳುವುದಿಲ್ಲ. ಆ್ಯಂಡ್ರಾಯ್ಡ್ ಏಳುತ್ತದೆ, ಇಂಟರ್‌ನೆಟ್ ಮಾತ್ರ ಬರುವುದಿಲ್ಲ ಎಂದಾದರೆ ಅನುಮಾನ ಪಡಬೇಕಾದ್ದು ಉಬುಂಟುವಿನ ಯುಎಫ್‌ಡಬ್ಲ್ಯೂ ಫೈರ್‌ವಾಲನ್ನು: 53 ಮತ್ತು 67ನೇ ಪೋರ್ಟ್ ತೆರೆದು, ಫಾರ್ವರ್ಡಿಂಗಿಗೆ ಅನುಮತಿ ಕೊಡಿ. ಪ್ಲೇಸ್ಟೋರ್ ಬೇಕಿದ್ದರೆ ಗೂಗಲ್ ಆ್ಯಪುಗಳಿರುವ ಇಮೇಜು ಹಾಕಿ, ಆ್ಯಂಡ್ರಾಯ್ಡ್ ಐಡಿಯನ್ನು ಗೂಗಲ್‌ನ ಪುಟದಲ್ಲಿ ನೋಂದಾಯಿಸಬೇಕು, ಇಲ್ಲದಿದ್ದರೆ ಸಾಧನ ಪ್ರಮಾಣಿತವಲ್ಲ ಎಂಬ ಸೂಚನೆ ಬಿಡದೆ ಬರುತ್ತಿರುತ್ತದೆ. ಎಆರ್‌ಎಂ ಆ್ಯಪುಗಳಿಗೆ ಲಿಬ್‌ಹೌಡಿನಿ ಅಥವಾ ಲಿಬ್‌ಎನ್‌ಡಿಕೆ ಎಂಬ ಕೋಡ್ ತಿರುಗಿಸುವ ಭಾಗವನ್ನು ಪ್ರತ್ಯೇಕವಾಗಿ ಸೇರಿಸಬೇಕು. ಕಮಾಂಡ್ ಸಾಲಿಗೆ ಹೆದರುವವರಿಗಲ್ಲ ಇದು. ಉಳಿದವರಿಗೆ ಇದರಷ್ಟು ಹಗುರವಾದದ್ದು ಇನ್ನೊಂದಿಲ್ಲ.

ಸ್ಕ್ರೀನ್‌ಕಾಪಿ

ಹುಡುಕುವಾಗ ಎಸ್, ಸಿ, ಆರ್, ಸಿ, ಪಿ, ವೈ ಅಕ್ಷರಗಳನ್ನು ಒತ್ತಿ. ಆ್ಯಪು ಫೋನಿನಲ್ಲೇ ಓಡುತ್ತದೆ, ಅದರ ಚಿತ್ರ ಮಾತ್ರ ವೀಡಿಯೊ ಆಗಿ ಕಂಪ್ಯೂಟರಿಗೆ ಬರುತ್ತದೆ. ಹಾಗಾಗಿ 4 ಜಿಬಿ ಯಂತ್ರಕ್ಕೂ ಇದು ಭಾರವಲ್ಲ.

ಫೋನಿನ ಸೆಟ್ಟಿಂಗ್ಸಿನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ತಟ್ಟಿದರೆ ಡೆವಲಪರ್ ಆಪ್ಶನ್ಸ್ ತೆರೆಯುತ್ತದೆ. ಅದರಲ್ಲಿ ಯುಎಸ್‌ಬಿ ಡೀಬಗಿಂಗ್ ಆನ್ ಮಾಡಿ ಕೇಬಲ್ ಸೇರಿಸಿ, ಫೋನಿನಲ್ಲಿ ಬರುವ ಅನುಮತಿಗೆ ಹೂಂ ಅನ್ನಿ. ಫೋನು ಸಿಗುತ್ತಲೇ ಇಲ್ಲವೆಂದರೆ ಬಹಳಷ್ಟು ಸಲ ತಪ್ಪು ಕೇಬಲ್ಲಿನದು. ಬಸ್‌ಸ್ಟ್ಯಾಂಡಿನ ಅಗ್ಗದ ಕೇಬಲ್ಲುಗಳಲ್ಲಿ ಚಾರ್ಜಿಂಗ್ ತಂತಿ ಮಾತ್ರ ಇರುತ್ತದೆ, ಡೇಟಾ ತಂತಿ ಇರುವುದಿಲ್ಲ. ರೆಡ್‌ಮಿ ಫೋನಿನಲ್ಲಿ ಪರದೆ ಕಂಡರೂ ಕ್ಲಿಕ್ ಹತ್ತದಿದ್ದರೆ, ಡೀಬಗಿಂಗ್ ಕೆಳಗಿರುವ ಸೆಕ್ಯುರಿಟಿ ಸೆಟ್ಟಿಂಗ್ಸ್ ಎಂಬ ಎರಡನೆಯ ಡೀಬಗಿಂಗನ್ನೂ ಆನ್ ಮಾಡಬೇಕು. ಚಿತ್ರ ತಡವಾಗಿ ಬಂದರೆ ಗರಿಷ್ಠ ಅಳತೆಯನ್ನು 1024ಕ್ಕೆ, ಬಿಟ್ ರೇಟನ್ನು 2 ಎಂಬಿಪಿಎಸ್‌ಗೆ ಇಳಿಸಿ. ಆ್ಯಂಡ್ರಾಯ್ಡ್ 11ರಿಂದ ಮೇಲೆ ಧ್ವನಿಯೂ ಕಂಪ್ಯೂಟರಿಗೆ ಬರುತ್ತದೆ. ಎಪಿಕೆ (ಆ್ಯಂಡ್ರಾಯ್ಡ್ ಆ್ಯಪಿನ ಇನ್‌ಸ್ಟಾಲ್) ಫೈಲನ್ನು ಎಳೆದು ಕಿಟಕಿಗೆ ಹಾಕಿದರೆ ಇನ್‌ಸ್ಟಾಲ್ ಆಗುತ್ತದೆ.

ಕನ್ನಡ ಟೈಪಿಂಗಿಗೆ ಒಂದು ಉಪಾಯ ಬೇಕು. ಸ್ಕ್ರೀನ್‌ಕಾಪಿ ಸಹಜ ಸ್ಥಿತಿಯಲ್ಲಿ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಸರಿಯಾಗಿ ಕಳಿಸುತ್ತದೆ. ಕನ್ನಡವನ್ನು ನೋಟ್‌ಪ್ಯಾಡಿನಲ್ಲಿ ಬರೆದು ಕಾಪಿ ಮಾಡಿ, ಸ್ಕ್ರೀನ್‌ಕಾಪಿ ಕಿಟಕಿಯಲ್ಲಿ ಕಂಟ್ರೋಲ್ ವಿ ಒತ್ತಿದರೆ ಸರಿಯಾಗಿ ಬೀಳುತ್ತದೆ. ಆದರೆ ಬರೆದದ್ದು ಯೂನಿಕೋಡ್ ಆಗಿರಬೇಕು. ನುಡಿ, ಬರಹದ ಹಳೆಯ ಫಾಂಟಿನಲ್ಲಿ ಟೈಪಿಸಿದ್ದನ್ನು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬರುತ್ತವೆ, ಮೊದಲು ಯೂನಿಕೋಡಿಗೆ ಪರಿವರ್ತಿಸಿಕೊಳ್ಳಿ. ಈ ಮಾತು ಎಮ್ಯುಲೇಟರುಗಳಿಗೂ ಅನ್ವಯಿಸುತ್ತದೆ.

ಯುಪಿಐ, ಬ್ಯಾಂಕ್ ಆ್ಯಪುಗಳಿಗೆ ಮಾತ್ರ ಈ ಐದರಲ್ಲಿ ಯಾವುದೂ ದಾರಿಯಲ್ಲ. ಯುಪಿಐ ನೋಂದಣಿಗೆ ಬ್ಯಾಂಕಿಗೆ ಕೊಟ್ಟ ನಂಬರಿನ ಸಿಮ್ಮಿಂದಲೇ, ಅದೇ ಸಾಧನದಿಂದ ಎಸ್‌ಎಂಎಸ್ ಹೋಗಬೇಕು, ಎಮ್ಯುಲೇಟರಿನಲ್ಲಿ ಸಿಮ್ಮೇ ಇಲ್ಲ. ಜೊತೆಗೆ ಗೂಗಲ್‌ನ ಪ್ಲೇ ಇಂಟೆಗ್ರಿಟಿ ಪರೀಕ್ಷೆ ನಿಜವಾದ ಫೋನು ಹೌದೋ ಅಲ್ಲವೋ ಎಂದು ಆ್ಯಪಿಗೆ ತಿಳಿಸುತ್ತದೆ. ಸ್ಕ್ರೀನ್‌ಕಾಪಿಯಲ್ಲಿ ಬ್ಯಾಂಕ್ ಆ್ಯಪು ತೆರೆದರೆ ಪರದೆ ಕಪ್ಪಾಗುವುದು ಆ್ಯಪಿನವರೇ ಹಾಕಿದ ತಡೆ. ಡೀಬಗಿಂಗ್ ಆನ್ ಇದ್ದರೆ ತೆರೆಯಲೊಲ್ಲದ ಬ್ಯಾಂಕ್ ಆ್ಯಪುಗಳೂ ಇವೆ, ಕೆಲಸ ಮುಗಿದ ಮೇಲೆ ಆಫ್ ಮಾಡಿ. ಇದನ್ನೆಲ್ಲ ದಾಟಿಸುವ "ಮಾಡ್" (ಯಾರೋ ತಿದ್ದಿದ) ಎಪಿಕೆ ಎಂದು ಯಾರಾದರೂ ಕೊಟ್ಟರೆ ನಿಮ್ಮ ದುಡ್ಡಿರುವ ಯಂತ್ರದ ಹತ್ತಿರಕ್ಕೂ ಅದನ್ನು ತರಬೇಡಿ.

ವಿಂಡೋಸ್ 11ರೊಳಗೆ ಮೈಕ್ರೋಸಾಫ್ಟ್ ತಾನೇ ತಂದಿದ್ದ ಆ್ಯಂಡ್ರಾಯ್ಡ್ ವ್ಯವಸ್ಥೆಯ ಬೆಂಬಲ 2025ರ ಮಾರ್ಚ್ 5ಕ್ಕೆ ನಿಂತಿದೆ. ಅದರ ಹಳೆಯ ಪ್ಯಾಕೇಜ್ ಹುಡುಕಿ ಹಾಕುವ ಶ್ರಮ ಬೇಡ.

ಬಿಸಿಲು, ಕರೆಂಟು

ಏಪ್ರಿಲ್, ಮೇನಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟುತ್ತದೆ. ಎಮ್ಯುಲೇಟರ್ ಪ್ರೊಸೆಸರಿಗೆ ಬಿಡುವು ಕೊಡುವುದಿಲ್ಲ. ಬಿಸಿ ಮಿತಿ ಮೀರಿದರೆ ಪ್ರೊಸೆಸರು ತಾನಾಗಿ ವೇಗ ಇಳಿಸಿಕೊಳ್ಳುತ್ತದೆ, ಆಗ ಬೆಳಿಗ್ಗೆ ಚೆನ್ನಾಗಿದ್ದದ್ದು ಮಧ್ಯಾಹ್ನ ಹ್ಯಾಂಗ್ ಆಗುತ್ತದೆ. ಮಿಲ್ಲಿನ ತೌಡು, ಜಿನ್ನಿಂಗಿನ ಹತ್ತಿ ಎಳೆ, ಸಂಡೂರು ಕಡೆಯ ಕೆಂಪು ಅದಿರಿನ ಧೂಳು ಪ್ರೊಸೆಸರ್ ಫ್ಯಾನಿನ ಕೆಳಗಿನ ಹೀಟ್‌ಸಿಂಕಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಬೇಸಿಗೆಗೆ ಮುಂಚೆ ಅದನ್ನು ಬ್ರಷ್ಷಿನಿಂದ ತೆಗೆದು ಥರ್ಮಲ್ ಪೇಸ್ಟ್ ಬದಲಿಸಿದರೆ ಯಾವ ಸೆಟ್ಟಿಂಗಿಗಿಂತಲೂ ಹೆಚ್ಚು ಫಲ ಸಿಗುತ್ತದೆ.

ಕರೆಂಟು ಹಠಾತ್ತನೆ ಹೋದರೆ ಕೆಡುವುದು ಎಮ್ಯುಲೇಟರಿನ ಡಿಸ್ಕ್ ಫೈಲು. ಸ್ಟುಡಿಯೊದ ಎಮ್ಯುಲೇಟರ್ ಮುಂದಿನ ಸಲ ಕಪ್ಪು ಪರದೆಯಲ್ಲಿ ನಿಂತರೆ ಡಿವೈಸ್ ಮ್ಯಾನೇಜರಿನಲ್ಲಿ ಕೋಲ್ಡ್ ಬೂಟ್ ಕೊಡಿ, ಅದಕ್ಕೂ ಏಳದಿದ್ದರೆ ವೈಪ್ ಡೇಟಾ. ವೈಪ್ ಮಾಡಿದರೆ ಒಳಗಿನ ಎಲ್ಲವೂ ಅಳಿಸಿಹೋಗುತ್ತದೆ. ಬ್ಲೂಸ್ಟ್ಯಾಕ್ಸಿನಲ್ಲಿ ಎಲ್ಲಾ ಹೊಂದಿಸಿದ ಮೇಲೆ ಆ ಇನ್‌ಸ್ಟೆನ್ಸನ್ನು ಒಮ್ಮೆ ಕ್ಲೋನ್ ಮಾಡಿ ಮುಟ್ಟದೆ ಇಡಿ, ಎಲ್‌ಡಿಪ್ಲೇಯರಿನ ಮಲ್ಟಿಪ್ಲೇಯರ್ ಕಿಟಕಿಯಲ್ಲಿ ಬ್ಯಾಕಪ್ ಗುಂಡಿಯೇ ಇದೆ. ಬ್ಯಾಕಪ್ ಫೈಲು ಯುಪಿಎಸ್ ಇಲ್ಲದ ಆ ಯಂತ್ರದಲ್ಲೇ ಇರಬಾರದು, ಹೊರಗಿನ ಡಿಸ್ಕಿನಲ್ಲಿರಬೇಕು.