ಸ್ಪ್ಯಾನಿಷ್‌ನಲ್ಲಿ ‘ನಾನು ಯಾವ ದೇಶದವಳು’ ಅಂತ ಹೇಳಲು ಮೂರು ದಾರಿ

ಸ್ಪ್ಯಾನಿಷ್ ಕಲಿಯಲು ಶುರು ಮಾಡಿದವರಿಗೆ ಬೇಗನೆ ಎದುರಾಗುವ ಪ್ರಶ್ನೆ ‘ದೆ ದೋಂದೆ ಎರೆಸ್?’ ಎಲ್ಲಿಯವಳು ನೀನು? ಇದಕ್ಕೆ ಉತ್ತರ ಕೊಡುವ ರಾಷ್ಟ್ರೀಯತೆಯ ಪದಗಳನ್ನು ನಾನು ಮೂರು ರೀತಿಯಲ್ಲಿ ಕಲಿತು ನೋಡಿದ್ದೇನೆ. ದೇಶ ಮತ್ತು ಅಲ್ಲಿಯವರ ಹೆಸರಿನ ಪಟ್ಟಿಯನ್ನು ಬಾಯಿಪಾಠ ಮಾಡುವುದು ಒಂದು. ‘ಸೋಯ್ ದೆ’ (ನಾನು ಇಂಥ ಕಡೆಯವಳು) ಅಂದು ದೇಶದ ಹೆಸರನ್ನೇ ಸೇರಿಸಿಬಿಡುವುದು ಇನ್ನೊಂದು. ಪದದ ಕೊನೆ ನೋಡಿ ಗುಂಪು ಮಾಡಿ, ಪ್ರತಿ ಪದವನ್ನೂ ಯಾವುದಾದರೂ ವಸ್ತುವಿನ ಜೊತೆ ಕಲಿಯುವುದು ಮೂರನೆಯದು. ನನ್ನ ಮತ ಮೂರನೆಯದಕ್ಕೇ.

ಪಟ್ಟಿಯಿಂದ ಉಪಯೋಗ ಇಲ್ಲ ಅಂತಲ್ಲ. ಸ್ಪ್ಯಾನಿಷ್ 20 ದೇಶಗಳ ಅಧಿಕೃತ ಭಾಷೆ. ಮೆಹಿಕಾನೊ, ಕುಬಾನೊ ಇವನ್ನೆಲ್ಲ ಊಹಿಸಬಹುದು. ಆದರೆ ಗ್ವಾಟೆಮಾಲಾದವನು ಗ್ವಾತೆಮಾಲ್ತೇಕೊ, ಹೊಂಡುರಾಸ್‌ನವನು ಒಂದುರೇನ್ಯೊ, ಕೋಸ್ಟರಿಕಾದವನು ಕೊಸ್ತರ್ರಿಸೆನ್ಸೆ. ಇವನ್ನು ಬಾಯಿಪಾಠ ಮಾಡದೆ ಗತಿಯಿಲ್ಲ. ತೊಂದರೆ ಏನೆಂದರೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಇರುವುದು ಪುಲ್ಲಿಂಗ, ಏಕವಚನ. ಮಾತಾಡುವಾಗ ಬೇಕಾಗುವುದು ಇನ್ನೂ ಮೂರು ರೂಪ.

‘ಸೋಯ್ ದೆ ಲಾ ಇಂದಿಯಾ’, ಅಂದರೆ ನಾನು ಭಾರತದವಳು. ಇದರಲ್ಲಿ ಲಿಂಗದ ತಲೆನೋವೇ ಇಲ್ಲ. ಭಾರತೀಯರಿಗೆ ಇದರಿಂದ ಇನ್ನೊಂದು ಲಾಭವೂ ಇದೆ. ವ್ಯಾಕರಣದ ಪ್ರಕಾರ ‘ಸೋಯ್ ಇಂದಿಯಾ’, ಗಂಡಸಾದರೆ ‘ಸೋಯ್ ಇಂದಿಯೊ’, ಪೂರ್ತಿ ಸರಿ. ಆದರೆ ಲ್ಯಾಟಿನ್ ಅಮೆರಿಕದಲ್ಲಿ ‘ಇಂದಿಯೊ’ ಅಂದರೆ ಅಲ್ಲಿಯ ಮೂಲನಿವಾಸಿ ಅನ್ನುವ ಅರ್ಥ ಬರುತ್ತದೆ. ಎಷ್ಟೋ ಕಡೆ ಅದನ್ನು ಬೈಗುಳವಾಗಿಯೂ ಬಳಸುತ್ತಾರೆ. ಅದಕ್ಕೇ ಅಲ್ಲಿ ತುಂಬಾ ಜನ ಭಾರತೀಯರನ್ನು ‘ಇಂದೂ’ ಅನ್ನುತ್ತಾರೆ. ಗೊಂದಲ ಆಗದ ಕಡೆ ಇದು ನಡೆಯುತ್ತದೆ ಅಂತ ಭಾಷೆಯ ನಿಯಮ ಹೇಳುವ ಸ್ಪ್ಯಾನಿಷ್ ಅಕಾಡೆಮಿಗಳೂ ಒಪ್ಪಿವೆ. ನನಗೆ ಮಾತ್ರ ಇದು ಒಗ್ಗುವುದಿಲ್ಲ. ‘ಇಂದೂ’ ಅಂದರೆ ಹಿಂದೂ ಧರ್ಮದವರು ಅಂತಲೂ ಅರ್ಥ. ಮಂಗಳೂರಿನ ಕ್ರಿಶ್ಚಿಯನ್ ಒಬ್ಬರು, ಭಟ್ಕಳದ ಮುಸ್ಲಿಂ ಒಬ್ಬರು ತಮ್ಮನ್ನು ಹಾಗೆ ಹೇಳಿಕೊಳ್ಳಬೇಕಾ? ಪರಿಚಯ ಹೇಳಿಕೊಳ್ಳಲು ‘ದೆ ಲಾ ಇಂದಿಯಾ’ದಷ್ಟು ಚೊಕ್ಕವಾದ ಉತ್ತರ ಇನ್ನೊಂದಿಲ್ಲ.

ಆದರೆ ಪರಿಚಯದ ಆಚೆ ಈ ದಾರಿ ಜಾಸ್ತಿ ದೂರ ಒಯ್ಯುವುದಿಲ್ಲ. ಪೇಪರ್ ತೆಗೆದರೆ ‘ಎಲ್ ಪ್ರೆಸಿದೆಂತೆ ಅರ್ಹೆಂಟೀನೊ’ (ಅರ್ಜೆಂಟೀನಾದ ಅಧ್ಯಕ್ಷ), ಫುಟ್‌ಬಾಲ್ ಸುದ್ದಿಯಲ್ಲಿ ‘ಲಾ ಸೆಲೆಕ್ಸಿಯೋನ್ ಎಸ್ಪಾನ್ಯೋಲಾ’ (ಸ್ಪೇನ್ ತಂಡ). ವಿಶೇಷಣಗಳಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಮೂರನೇ ದಾರಿಯಲ್ಲಿ ಗುಂಪುಗಳು ಮೂರೇ. ‘ಒ’ದಲ್ಲಿ ಮುಗಿದರೆ ಸ್ತ್ರೀಲಿಂಗದಲ್ಲಿ ‘ಆ’: ಪೆರುವಾನೊ, ಪೆರುವಾನಾ. ವ್ಯಂಜನದಲ್ಲಿ ಮುಗಿದರೆ ‘ಆ’ ಸೇರುತ್ತದೆ: ಇಂಗ್ಲೇಸ್, ಇಂಗ್ಲೇಸಾ (ಇಂಗ್ಲೆಂಡಿನವರು), ಅಲೆಮಾನ್, ಅಲೆಮಾನಾ (ಜರ್ಮನಿಯವರು). ಪುಲ್ಲಿಂಗದಲ್ಲಿ ಇಂಗ್ಲೇಸ್, ಅಲೆಮಾನ್ ಪದಗಳ ಮೇಲೆ ಬರೆಯುವ ಒತ್ತುಗೆರೆ (ಯಾವ ಅಕ್ಷರ ಒತ್ತಿ ಹೇಳಬೇಕೆಂದು ತೋರಿಸುವ ಗೆರೆ) ಸ್ತ್ರೀಲಿಂಗದಲ್ಲೂ ಬಹುವಚನದಲ್ಲೂ ಹೋಗುತ್ತದೆ. ಕಾರಣ ಸುಲಭ. ನ್, ಸ್ ಅಥವಾ ಸ್ವರದಲ್ಲಿ ಮುಗಿಯುವ ಪದಕ್ಕೆ ಒತ್ತು ಸಹಜವಾಗಿ ಕೊನೆಯಿಂದ ಎರಡನೇ ಅಕ್ಷರದ ಮೇಲೆ. ಒತ್ತು ಕೊನೆಯ ಅಕ್ಷರದ ಮೇಲಿದ್ದರೆ ಗೆರೆ ಬೇಕು. ಉಳಿದವು ಲಿಂಗಕ್ಕೆ ಬದಲಾಗುವುದೇ ಇಲ್ಲ: ಕನದಿಯೆನ್ಸೆ (ಕೆನಡಾದವರು), ಮರ್ರೊಕೀ (ಮೊರಾಕ್ಕೊದವರು), ಬೆಲ್ಗಾ. ಬೆಲ್ಜಿಯಂನ ಗಂಡಸೂ ಬೆಲ್ಗಾನೇ!

ಇನ್ನು ವಸ್ತುಗಳ ವಿಷಯ. ಕನ್ನಡದವರಿಗೆ ನಿಜವಾಗಿ ಕಷ್ಟ ಇರುವುದು ಇಲ್ಲೇ. ಕನ್ನಡಿಗ, ಕನ್ನಡತಿ ಅನ್ನುವ ನಮಗೆ ಮನುಷ್ಯರ ಲಿಂಗ ಹೊಸದಲ್ಲ. ಆದರೆ ಊಟಕ್ಕೂ ಪಾಸ್‌ಪೋರ್ಟಿಗೂ ಲಿಂಗ ಅಂದರೆ ನಾಲಿಗೆ ತಡವರಿಸುತ್ತದೆ. ಪದ ಹೊಂದಿಕೊಳ್ಳಬೇಕಾದ್ದು ವಸ್ತುವಿಗೆ, ಮಾತಾಡುವವರಿಗೆ ಅಲ್ಲ. ನಾನು ಹೆಂಗಸಾದರೂ ನನ್ನ ‘ಪಸಪೋರ್ತೆ’ ಇಂದಿಯೊ. ಗಂಡಸು ಅಡುಗೆ ಮಾಡಿದರೂ ‘ಕೊಮೀದಾ’ (ಊಟ) ಇಂದಿಯಾ. ಅದಕ್ಕೇ ‘ಬೀನೊ ಚಿಲೇನೊ’ (ಚಿಲಿಯ ವೈನ್), ‘ಸೆರ್ಬೇಸಾ ಅಲೆಮಾನಾ’ (ಜರ್ಮನ್ ಬಿಯರ್), ‘ಪೆಲೀಕುಲಾಸ್ ಅರ್ಹೆಂಟೀನಾಸ್’ (ಅರ್ಜೆಂಟೀನಾದ ಸಿನಿಮಾಗಳು) ಅಂತ ಜೋಡಿಯಾಗಿಯೇ ಕಲಿತೆ. ವಸ್ತುವಿನ ಹೆಸರು ಮೊದಲು, ದೇಶದ ಪದ ಆಮೇಲೆ ಅನ್ನುವ ಕ್ರಮವೂ ಹಾಗೇ ಬಾಯಿಗೆ ಹತ್ತಿತು. ಪಟ್ಟಿ ಓದಿ ಇದು ನನಗೆ ಬಂದಿರಲಿಲ್ಲ.

ಬರೆಯುವಾಗ ಇನ್ನೆರಡು ವಿಷಯ ಗಮನಿಸಿ. ‘ಸೋಯ್ ಇಂದಿಯಾ’ ಅನ್ನುವಾಗ ನಡುವೆ ‘ಊನಾ’ (ಇಂಗ್ಲಿಷಿನ ‘a’, ‘an’ ಇದ್ದ ಹಾಗೆ) ಹಾಕಬೇಡಿ. ಇಂಗ್ಲಿಷ್ ಅಭ್ಯಾಸದಿಂದ ರಾಷ್ಟ್ರೀಯತೆಗೆ ದೊಡ್ಡಕ್ಷರವನ್ನೂ ಹಾಕಬೇಡಿ. ದೊಡ್ಡಕ್ಷರ ಹಾಕಿದರೆ ಆ ‘ಇಂದಿಯಾ’ ದೇಶದ ಹೆಸರಾಗುತ್ತದೆ, ಸಣ್ಣಕ್ಷರವಾದರೆ ಭಾರತದ ಹೆಂಗಸು.